ಕಸಿಕಡ್ಡಿಯ ನೆವ

ವರ್ಷಕ್ಕೆ ಎರಡು ಸಲ ನಾನು ಸುನಂದಳ ತೋಟಕ್ಕೆ ಹೋಗುತ್ತೇನೆ. ಎರಡೇ ಸಲ. ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ ಒಂದು ದಿನ, ಅದಾಗಿ ಹತ್ತು ದಿನಕ್ಕೆ ಇನ್ನೊಂದು ದಿನ. ಮೊದಲ ದಿನದ ಕೆಲಸ ಎಲೆ ತೆಗೆಯುವುದು. ಕಸಿಗೆ ಬೇಕಾದ ಕಡ್ಡಿಯನ್ನು ಮರದ ಮೇಲೆಯೇ ಆರಿಸಿಕೊಂಡು, ಅದರ ಎಲೆಗಳನ್ನೆಲ್ಲ ತೊಟ್ಟು ಮಾತ್ರ ಉಳಿಸಿ ಕತ್ತರಿಸಿಬಿಡಬೇಕು. ಎಲೆ ಹೋದ ಕಡ್ಡಿ ತನ್ನ ಜೀವವನ್ನೆಲ್ಲ ತುದಿಯ ಮೊಗ್ಗಿಗೆ ಕೊಡುತ್ತದೆ. ಹತ್ತು ದಿನಕ್ಕೆ ಮೊಗ್ಗು ಊದಿಕೊಳ್ಳುತ್ತದೆ, ಉಳಿದ ತೊಟ್ಟುಗಳು ತಾವಾಗಿ ಉದುರುತ್ತವೆ. ಆಗ ಹೋಗಿ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಅವತ್ತೇ ಸಸಿಗೆ ಕಟ್ಟಬೇಕು. ಸದ್ಯ, ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲವಲ್ಲ ಇದು ಎಂದು ನಾನು ಎಷ್ಟು ಸಲ ದೇವರಿಗೆ ಕೈಮುಗಿದಿದ್ದೇನೋ!

ನನ್ನ ಹೆಸರು ಕದಿರೇಶ್. ಶ್ರೀನಿವಾಸಪುರದ ಹೊರಗೆ ನನ್ನದೊಂದು ಮಾವಿನ ಸಸಿಗಳ ನರ್ಸರಿ ಇದೆ. ವಯಸ್ಸು ಐವತ್ತೊಂದು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ ಮೊದಮೊದಲು, ಈ ಸಲದ ಕಸಿ ಕೆಲಸ ಮುಗಿಯಲಿ ತಡೀರಿ ಎನ್ನುತ್ತಿದ್ದೆ. ಈಗ ಕೇಳುವವರೂ ಇಲ್ಲ. ಅದೊಂದು ನೆಮ್ಮದಿ.

ನನಗೆ ಕಸಿ ಕಟ್ಟುವುದನ್ನು ಕಲಿಸಿದವರು ಸುನಂದಳ ಅಪ್ಪ ಕೋದಂಡರಾಮಪ್ಪ. ಇಪ್ಪತ್ತನೇ ವಯಸ್ಸಿಗೆ ಅವರ ತೋಟಕ್ಕೆ ಕೆಲಸಕ್ಕೆ ಸೇರಿದೆ, ನಾಲ್ಕು ವರ್ಷ ಅಲ್ಲೇ ಉಂಡು ಅಲ್ಲೇ ಮಲಗಿದೆ. ಆ ನಾಲ್ಕು ವರ್ಷದಲ್ಲಿ ಕಸಿಯ ಜೊತೆಗೆ ಇನ್ನೊಂದು ವಿಷಯವನ್ನೂ ಕಲಿತೆ. ಅದನ್ನು ಯಾರೂ ಕಲಿಸಲಿಲ್ಲ. ಸುನಂದ ಬಾವಿಕಟ್ಟೆಯ ಹತ್ತಿರ ಬಂದರೆ ನನ್ನ ಚಾಕು ಸಸಿ ಬಿಟ್ಟು ಬೆರಳಿಗೆ ಬೀಳುತ್ತಿತ್ತು. ಎಡಗೈ ಹೆಬ್ಬೆರಳ ಮೇಲಿನ ಗಾಯದ ಗುರುತುಗಳನ್ನು ನೋಡಿದ ಗಿರಾಕಿಗಳು, ಎಷ್ಟು ದುಡಿದಿದ್ದೀರಿ ಎನ್ನುತ್ತಾರೆ. ದುಡಿಮೆಯೇನು ಮಣ್ಣು! ಊರೆಲ್ಲ ನನ್ನನ್ನು ಕದಿರೇಶಣ್ಣ ಎನ್ನುತ್ತದೆ. ಅವಳು ಮಾತ್ರ ಯಾವತ್ತೂ ಹೆಸರಿಗೆ ಅಣ್ಣ ಸೇರಿಸಿದವಳಲ್ಲ. ಆ ಒಂದರ ಮೇಲೆ ನಾನು ಎಷ್ಟೆಷ್ಟು ಮನೆ ಕಟ್ಟಿ ಕೆಡವಿದ್ದೇನೋ ನನಗೇ ಗೊತ್ತು.

ಬಾಯಿ ಬಿಟ್ಟು ಹೇಳಲಿಲ್ಲ. ಅನ್ನ ಹಾಕಿದ ಮನೆ, ವಿದ್ಯೆ ಕಲಿಸಿದ ಯಜಮಾನರು, ಎಂಬುದು ಆಗಿನ ಕಾರಣ. ಅವಳನ್ನು ಮಾಲೂರಿಗೆ ಕೊಟ್ಟರು, ಹೆಂಚಿನ ಕಾರ್ಖಾನೆಯವರ ಮನೆಗೆ. ಗಂಡ ಒಳ್ಳೆಯವನೇ. ಅವನನ್ನು ಬೈಯಲು ಏನಾದರೂ ಸಿಗುತ್ತದೇನೋ ಎಂದು ಬಹಳ ವರ್ಷ ಹುಡುಕಿದೆ, ಸಿಗಲಿಲ್ಲ. ಒಂಬತ್ತು ವರ್ಷದ ಹಿಂದೆ ಅವನು ಕಾಯಿಲೆಯಿಂದ ತೀರಿಕೊಂಡ. ಮಗಳು ಶ್ವೇತ ಆಗ ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದಳು, ಈಗ ಅಲ್ಲೇ ಕೆಲಸದಲ್ಲಿದ್ದಾಳೆ. ಸುನಂದ ಅಪ್ಪನ ತೋಟಕ್ಕೆ ವಾಪಸ್ಸು ಬಂದಳು. ಆರು ವರ್ಷದ ಹಿಂದೆ ಅಪ್ಪನೂ ಹೋದ ಮೇಲೆ ಇಡೀ ತೋಟ ಅವಳೇ ನಡೆಸುತ್ತಿದ್ದಾಳೆ, ನಾಲ್ಕು ಗಂಡಸರ ಬಾಯಿ ಮುಚ್ಚಿಸುವ ಹಾಗೆ.

ಆ ತೋಟದಲ್ಲಿ ಒಂದು ಮರವಿದೆ. ಯಾರೂ ನೆಟ್ಟದ್ದಲ್ಲ. ದನದ ದೊಡ್ಡಿಯಲ್ಲಿ ಯಾರೋ ತಿಂದೆಸೆದ ವಾಟೆ ಮೊಳೆತು ಬೆಳೆದದ್ದು, ಅದಕ್ಕೇ ದೊಡ್ಡಿ ಮಾವು ಎಂದೇ ಹೆಸರು. ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಆದರೆ ಹಣ್ಣಾದ ಮೇಲೆ ಕೈಯಲ್ಲಿ ಹಿಸುಕಿ ತುದಿ ಕಚ್ಚಿ ಚೀಪಿದವನು ಮುಂದಿನ ವರ್ಷ ಅದನ್ನೇ ಕೇಳಿಕೊಂಡು ಬರುತ್ತಾನೆ. ನರ್ಸರಿ ಇಟ್ಟ ದಿನದಿಂದ, ಅಂದರೆ ಇಪ್ಪತ್ತೇಳು ವರ್ಷದಿಂದ, ಆ ಮರದ ಕಡ್ಡಿಗಾಗಿ ಅಲ್ಲಿಗೆ ಹೋಗುತ್ತಿದ್ದೇನೆ. ಅವಳು ಮಾಲೂರಿನಲ್ಲಿದ್ದಾಗ ಹಣ್ಣಿನ ಕಾಲಕ್ಕೆ ಹದಿನೈದು ದಿನ ತವರಿಗೆ ಬರುತ್ತಿದ್ದಳು. ನನ್ನ ಎರಡು ದಿನಗಳೂ ಆ ಹದಿನೈದರ ಒಳಗೇ ಬೀಳುವ ಹಾಗೆ ನೋಡಿಕೊಳ್ಳುತ್ತಿದ್ದೆ.

ಈಗ ಒಂದು ಮಾತು ಹೇಳಬೇಕು. ಕಸಿಯ ಕೆಲಸ ಗೊತ್ತಿರುವವರು ಇದನ್ನು ಕೇಳಿದರೆ ನಗುತ್ತಾರೆ. ಯಾವ ನರ್ಸರಿಯವನೂ ಒಂದು ಜಾತಿಯ ಕಡ್ಡಿಗೆ ವರ್ಷ ವರ್ಷವೂ ಇನ್ನೊಬ್ಬರ ತೋಟ ಸುತ್ತುವುದಿಲ್ಲ. ಮೊದಲ ವರ್ಷ ಕಟ್ಟಿದ ಗಿಡಗಳಲ್ಲಿ ಒಂದನ್ನು ತನ್ನ ಜಾಗದಲ್ಲೇ ನೆಟ್ಟುಕೊಳ್ಳುತ್ತಾನೆ. ಅದು ತಾಯಿಗಿಡ. ನಾಲ್ಕು ವರ್ಷ ಕಳೆದರೆ ಅದರಿಂದಲೇ ಬೇಕಾದಷ್ಟು ಕಡ್ಡಿ ಸಿಗುತ್ತದೆ. ನನ್ನ ನರ್ಸರಿಯಲ್ಲಿ ಬಾದಾಮಿ, ರಸಪುರಿ, ಮಲಗೋವ, ತೋತಾಪುರಿ ಎಲ್ಲದಕ್ಕೂ ತಾಯಿಗಿಡ ಇದೆ. ದೊಡ್ಡಿ ಮಾವಿಗೆ ಇಲ್ಲ. ಬೇಕೆಂದೇ ನೆಡಲಿಲ್ಲ. ನೆಟ್ಟಿದ್ದರೆ ಆ ಗೇಟಿನೊಳಗೆ ಕಾಲಿಡಲು ನನಗೆ ಯಾವ ನೆವವೂ ಇರುತ್ತಿರಲಿಲ್ಲ.

ಈ ವರ್ಷ ಜೂನ್ ಎರಡನೇ ವಾರ ಎಲೆ ತೆಗೆಯಲು ಹೋದೆ. ಯಲ್ದೂರಿನ ದಾರಿಯಲ್ಲಿ ಬೈಕು ನಿಲ್ಲಿಸಿ, ಕನ್ನಡಿಯಲ್ಲಿ ಮುಖ ನೋಡಿಕೊಂಡು, ತಲೆ ಬಾಚಿಕೊಂಡು ಹೋದೆ. ಇದ್ದದ್ದೇ ನಾಲ್ಕು ಕೂದಲು. ಸುನಂದ ಗೇಟಿನ ಹತ್ತಿರವೇ ನಿಂತಿದ್ದಳು. ಅವಳು ಹಾಗೆ ನಿಂತಿದ್ದವಳಲ್ಲ ಎಂದೂ.

"ಬಂದ್ಯಾ? ಕಾಫಿ ಆಮೇಲೆ ಕುಡಿಯೋವಂತೆ. ಮೊದ್ಲು ಮರ ನೋಡ್ಬಾ" ಎಂದಳು.

ಪೂರ್ವದ ಕಡೆಯ ದೊಡ್ಡ ಕೊಂಬೆ ಪೂರಾ ಒಣಗಿತ್ತು. ಎಲೆಗಳು ಕಂದಾಗಿ ಸುರುಟಿಕೊಂಡಿದ್ದರೂ ಒಂದೂ ಉದುರಿರಲಿಲ್ಲ. ಬುಡದ ಮೇಲೆ ಅಲ್ಲಲ್ಲಿ ಕಪ್ಪಗೆ ಅಂಟು ಸೋರಿ ಒಣಗಿತ್ತು. ನಾನು ಬುಡಕ್ಕೆ ಕೂತು ನೋಡಿದೆ. ಸೂಜಿಮೊನೆ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತುಗಳು, ತೂತುಗಳ ಕೆಳಗೆ ನುಣ್ಣನೆಯ ಪುಡಿ.

"ಯಾವಾಗಿಂದ?"

"ಯುಗಾದಿಗೆ ಒಂದು ರೆಂಬೆ. ಈಗ ನೋಡು. ಪಕ್ಕದೆರಡು ಬಾದಾಮಿ ಮರದಲ್ಲೂ ಅಂಟು ಬರ್ತಾ ಐತೆ. ಇಲಾಖೆಯೋರ್ಗೆ ಫೋನ್ ಮಾಡಿದೀನಿ, ಯಾರೋ ಮೇಡಂ ಬರ್ತಾರಂತೆ."

ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಒಬ್ಬ ಹುಡುಗಿ ಬಂದಳು. ನೋಡಿದರೆ ನನಗೆ ಗೊತ್ತಿರುವವಳೇ, ಮುಳಬಾಗಿಲಿನ ಮಾವಿನ ವ್ಯಾಪಾರಿ ಓಬೇದುಲ್ಲಾ ಭಾಯಿಯ ಮಗಳು ಮಹೆಕ್. ಗಿಡಗಳ ರೋಗದ ಮೇಲೆ ಎಲ್ಲೆಲ್ಲೋ ಓದಿ ಬಂದು ಈಗ ನಮ್ಮ ಕಡೆಯೇ ಕೆಲಸ ಮಾಡುತ್ತಿದ್ದಾಳೆ ಎಂದು ಅವರು ಮಂಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಅವಳು ಬುಡದ ಮಣ್ಣು ಕೆದಕಿಸಿದಳು. ಬೇರು ಶುರುವಾಗುವ ಜಾಗದಲ್ಲಿ ಉಳಿಯಿಂದ ತೊಗಟೆ ಎಬ್ಬಿಸಿದಳು. ಒಳಗಿನ ಮರದ ಮೇಲೆ ಕಂದುಗಪ್ಪು ಗೀರುಗಳು ಬೇರಿನ ಕಡೆಗೂ ಮೇಲಕ್ಕೂ ಹರಿದಿದ್ದವು. ತೊಗಟೆಯ ಒಳಮೈಯಿಂದ ಏನನ್ನೋ ಉಗುರಿನ ಮೇಲೆ ತೆಗೆದು ನನ್ನ ಕಣ್ಣ ಹತ್ತಿರ ಹಿಡಿದಳು. ರಾಗಿ ಕಾಳಿನಷ್ಟೇ ಇರುವ ಒಂದು ಹುಳ.

"ಇಷ್ಟುದ್ದ ಮರಾನ ಈ ಹುಳ ತಿಂದು ಸಾಯಿಸ್ತಾ?" ಸುನಂದ ಕೇಳಿದಳು.

"ತಿಂದು ಸಾಯಿಸಲ್ಲ ಆಂಟಿ. ಇದರ ಮೈಗೆ ಅಂಟಿಕೊಂಡು ಒಂದು ಬೂಷ್ಟು ಬರುತ್ತೆ. ಅದು ಒಳಗೆ ಬೆಳೆದು ನೀರು ಹೋಗೋ ದಾರೀನೇ ಮುಚ್ಚಿಬಿಡುತ್ತೆ. ಕೊಂಬೆ ಬಾಯಾರಿ ಸಾಯುತ್ತೆ." ಹುಳವನ್ನು ಚಿಕ್ಕ ಸೀಸೆಗೆ ಹಾಕಿಕೊಂಡು ಮುಂದುವರಿಸಿದಳು. "ನಾನು ಓದುವಾಗ ಪೈನ್ ಮರಗಳ ಮೇಲೆ ಕೆಲಸ ಮಾಡಿದೆ. ಅಲ್ಲಿ ಬೇರು ತಿನ್ನೋ ಇಂಥದೇ ಹುಳಗಳಿವೆ. ಒಂದು ಮರದ ಬೇರು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಬೂಷ್ಟನ್ನೂ ಕರ್ಕೊಂಡು ಹೋಗ್ತವೆ. ಮರ ಕೊಯ್ದು ನೋಡಿದ್ರೆ ಒಳಗೆಲ್ಲ ಕಪ್ಪು. ಪಾಪ, ಹುಳಕ್ಕೆ ಗೊತ್ತೇ ಇರಲ್ಲ, ತಾನೇನು ಹೊತ್ಕೊಂಡು ಹೋಗ್ತಿದೀನಿ ಅಂತ."

ಅಷ್ಟು ಹೇಳಿ ಎದ್ದವಳ ಕಣ್ಣು ಕೊಂಬೆಗಳಿಗೆ ಆನಿಸಿದ್ದ ಕವೆಗೋಲುಗಳ ಮೇಲೆ ಬಿತ್ತು. ಫಸಲಿನ ಭಾರಕ್ಕೆ ಕೊಂಬೆ ಸೀಳದಿರಲಿ ಎಂದು ಕೊಡುವ ಆಸರೆ ಅವು. ಒಂಬತ್ತು ಕೋಲು. ಒಂದನ್ನು ಎಳೆದು ತೊಗಟೆ ಸಿಗಿದಳು. ಒಳಗೆ ಹುಳ ಕೊರೆದ ದಾರಿಗಳು ಒಂದರ ಮೇಲೊಂದು ಹಾದಿದ್ದವು.

"ಇದೂ ಮಾವಿನದೇ. ತೊಗಟೆ ಸಮೇತ ಹಾಗೇ ನೆಟ್ಟಿದಾರೆ. ಇವು ಎಲ್ಲಿಂದ ಬಂದಿದ್ದು ಆಂಟಿ?"

ಆ ಕೋಲುಗಳನ್ನು ತಂದವನು ನಾನೇ. ಮೂರು ವರ್ಷದ ಹಿಂದಿನ ಬೇಸಿಗೆ, ದೊಡ್ಡಿ ಮಾವು ಎಂದೂ ಹಿಡಿಯದಷ್ಟು ಕಾಯಿ ಹಿಡಿದಿತ್ತು. ಕೊಂಬೆ ನೆಲಕ್ಕೆ ತಾಗ್ತಾ ಇದೆ ಎಂದು ಅವಳು ಫೋನಿನಲ್ಲಿ ಹೇಳಿದ್ದೇ ತಡ, ನನಗೆ ರೆಕ್ಕೆ ಬಂದಿತ್ತು. ಆ ವರ್ಷಕ್ಕೆ ಮೂರನೇ ಸಲ ಹೋಗಲು ಕಾರಣ ಸಿಕ್ಕಿತ್ತಲ್ಲ! ನೀಲಗಿರಿ ಕೋಲು ಬೇಕಾದಷ್ಟು ಸಿಗುತ್ತದೆ, ಆದರೆ ಅದಕ್ಕೆ ಕವೆ ಇರುವುದಿಲ್ಲ, ಕೊಂಬೆ ಜಾರುತ್ತದೆ. ಮುಳಬಾಗಿಲ ಹತ್ತಿರ ನನ್ನ ತಮ್ಮ ವೆಂಕಟನ ಹೊಲದಲ್ಲಿ ಎರಡು ಮಾವಿನ ಮರ ಇದ್ದಕ್ಕಿದ್ದ ಹಾಗೆ ಒಣಗಿದ್ದವು. ಬೇರಿಗೆ ಕಾವು ತಗುಲಿರಬೇಕು ಎಂದುಕೊಂಡಿದ್ದೆವು. ಅವುಗಳಿಂದಲೇ ಒಳ್ಳೆಯ ಕವೆ ನೋಡಿ ನೋಡಿ ಒಂಬತ್ತು ಆರಿಸಿದೆ. ಹಸಿ ಕೊಂಬೆಗೆ ನೋವಾಗದಿರಲಿ ಎಂದು ತೊಗಟೆ ಕೂಡ ಕೆತ್ತಲಿಲ್ಲ. ಇಳಿಸುವಾಗ ಟೆಂಪೋ ಹಿಂದೆ ನುಣ್ಣನೆಯ ಪುಡಿ ಬಿದ್ದಿತ್ತು. ಕೈಯಲ್ಲಿ ಒರೆಸಿ ಹಾಕಿದೆ. ಒಣ ಮರದ ಚೂರೊಂದನ್ನೂ ನನ್ನ ನರ್ಸರಿಯೊಳಗೆ ಬಿಡದ ನಾನು, ಅವತ್ತು ಅವುಗಳನ್ನು ಆ ಮರದ ಬುಡಕ್ಕೆ ಗುಂಡಿ ತೋಡಿ ನೆಟ್ಟೆ.

ಮಹೆಕ್ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಕೋಲನ್ನೇ ನೋಡುತ್ತಾ ನಿಂತಿದ್ದೆ.

"ನಮ್ಮಪ್ಪನ ಕಾಲದ್ದು ಕಣಮ್ಮ" ಎಂದಳು ಸುನಂದ. "ಎಲ್ಲಿಂದ ತಂದ್ರೋ ಏನೋ."

ಅಪ್ಪ ಹೋಗಿ ಆರು ವರ್ಷ. ಅವಳು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಪರೀಕ್ಷೆಯ ಫಲಿತಾಂಶ ಬರಲು ಒಂದು ವಾರ ಬೇಕು, ಅಲ್ಲಿಯವರೆಗೆ ಮರದಿಂದ ಒಂದು ಕಡ್ಡಿಯೂ ಹೊರಗೆ ಹೋಗಬಾರದು, ರೋಗ ಖಾತ್ರಿಯಾದರೆ ಮರ ಕಡಿದು ಬೇರು ಕಿತ್ತು ಅಲ್ಲೇ ಸುಡಬೇಕು ಎಂದು ಹೇಳಿ ಮಹೆಕ್ ಹೊರಟಳು. ಕತ್ತರಿ ನನ್ನ ಚೀಲದಲ್ಲೇ ಇತ್ತು. ಸುನಂದ ಕಾಫಿ ತಂದಿಟ್ಟಳು. ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಬರ್ತೀನಿ ಎಂದು ಕೂಡ ಹೇಳದೆ ಬೈಕು ಹತ್ತಿದೆ.

ಬೇರೆ ವರ್ಷಗಳಲ್ಲಿ ಆ ನಡುವಿನ ಹತ್ತು ದಿನಗಳೇ ನನ್ನ ಹಬ್ಬ. ಈಗ ಮೊಗ್ಗು ಎಷ್ಟು ಊದಿರಬಹುದು, ಹೋದಾಗ ಅವಳು ಏನು ಮಾತಾಡಬಹುದು, ನಾನು ಏನು ಹೇಳಬಹುದು ಎಂದು ಸಸಿಗಳ ನಡುವೆ ಓಡಾಡುತ್ತಾ ಒಬ್ಬನೇ ಮಾತಾಡಿಕೊಳ್ಳುತ್ತಿದ್ದೆ. ಹೇಳಬೇಕಾದ್ದನ್ನು ಎಂದೂ ಹೇಳುತ್ತಿರಲಿಲ್ಲ, ಅದು ಬೇರೆ. ಈ ಸಲ ಆ ದಿನಗಳು ಮುಳ್ಳಾಗಿಬಿಟ್ಟವು. ಮರ ಸತ್ತರೆ ನಾನು ಯಾರು ಆ ಮನೆಗೆ? ಮುಂದಿನ ಜೂನಿನಲ್ಲಿ ಯಾವ ಮುಖ ಇಟ್ಟುಕೊಂಡು, ಏನು ಕೇಳಿಕೊಂಡು ಹೋಗಲಿ? ಅದಕ್ಕಿಂತ ಹೆಚ್ಚಾಗಿ, ನನ್ನ ಕೈಯಿಂದಲೇ ಹಾಳಾಗಿದೆ ಎಂಬುದು ಅವಳಿಗೆ ಗೊತ್ತು, ಗೊತ್ತಿದ್ದೂ ನನ್ನ ಮಾನ ಉಳಿಸಲು ಸುಳ್ಳು ಹೇಳಿದಳು.

ನಾಲ್ಕನೇ ದಿನ ಮಹೆಕ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಾರನೇ ದಿನ ಇಬ್ಬರೂ ವೆಂಕಟನ ಹೊಲಕ್ಕೆ ಹೋದೆವು. ಆ ಎರಡು ಮರಗಳ ಸೌದೆಯನ್ನು ಅವನು ಇನ್ನೂ ಬದುವಿನಲ್ಲಿ ಒಟ್ಟಿದ್ದ. ಸುತ್ತಲಿನ ಮರಗಳಲ್ಲೂ ಅದೇ ತೂತು, ಅದೇ ಪುಡಿ. ವೆಂಕಟ ತಲೆಯ ಮೇಲೆ ಕೈ ಹೊತ್ತು ಕೂತ.

"ಹೇಳಿದ್ದು ಒಳ್ಳೇದಾಯ್ತು ಅಂಕಲ್. ಇಲ್ಲಾಂದ್ರೆ ಈ ಸೌದೆ ಇನ್ನೆಷ್ಟು ತೋಟಕ್ಕೆ ಹೋಗ್ತಿತ್ತೋ" ಎಂದಳು ಮಹೆಕ್. ಸ್ಕೂಟರ್ ಹತ್ತುವಾಗ ಕೇಳಿದಳು, "ಅವತ್ತು ಆಂಟಿ ಯಾಕೆ ಹಾಗಂದ್ರು?"

"ಮರೆತಿರಬೇಕು" ಎಂದೆ.

ಅವಳು ನನ್ನ ಮುಖ ನೋಡಿದಳು. ಓದಿದ ಹುಡುಗಿ, ಮತ್ತೆ ಕೇಳಲಿಲ್ಲ.

ಹತ್ತನೇ ದಿನ ಹೋದೆ. ಫಲಿತಾಂಶ ಹಿಂದಿನ ದಿನವೇ ಬಂದಿತ್ತು. ಮರ ಉಳಿಯುವುದಿಲ್ಲ, ಪಕ್ಕದ ಎರಡೂ ಉಳಿಯುವುದಿಲ್ಲ. ಸುನಂದ ಹಿತ್ತಲಲ್ಲಿ ಕೂತು ಕೊನೆಯ ಹಣ್ಣುಗಳ ರಸ ಹಿಂಡಿ ಮೊರದ ಮೇಲೆ ಬಟ್ಟೆ ಹಾಸಿ ಬಳಿಯುತ್ತಿದ್ದಳು, ಹುಳಿಸಿಹಿ ಹಪ್ಪಳ ಮಾಡಲು. ಕೈ ಮೊಣಕೈವರೆಗೆ ಹಳದಿ. ನಾನು ನಿಂತುಕೊಂಡೇ ಹೇಳಿದೆ.

"ಕೋಲು ತಂದಿದ್ದು ನಾನು."

"ಗೊತ್ತು. ಒಂದು ತುದಿ ಹಿಡಿದು ಇಳಿಸಿದ್ದು ನಾನೇ ಅಲ್ವಾ."

"ಮತ್ತೆ ಮಹೆಕ್ ಹತ್ರ ಯಾಕೆ ಹಾಗಂದೆ?"

"ನೀನೇ ಹೇಳ್ತೀಯೇನೋ ಅಂತ ನೋಡಿದೆ. ಬಾಯಿಗೆ ಬೀಗ ಜಡ್ಕೊಂಡು ನಿಂತಿದ್ದೆ. ಇನ್ನೇನ್ ಮಾಡ್ಲಿ, ಪರರ ಮುಂದೆ ನಿನ್ನ ಹಿಡಿದುಕೊಡ್ಲಾ?"

"ಆಮೇಲೆ ನಾನೇ ಫೋನ್ ಮಾಡಿ ಹೇಳಿದೆ ಅವಳಿಗೆ."

"ಒಳ್ಳೇದು" ಎಂದಳು. ಇನ್ನೊಂದು ಸೌಟು ರಸ ಹಾಕಿ ಕೈಯಿಂದ ಹರಡಿದಳು. ಕೋಪವಿರಲಿಲ್ಲ ದನಿಯಲ್ಲಿ, ಬರೀ ಸುಸ್ತು. "ನೀನು ಬೇಕು ಅಂತ ಮಾಡಿದ್ಯಾ? ಅಪ್ಪ ಇದ್ದಿದ್ರೂ ಅದೇ ಕೋಲು ನೆಡ್ತಿದ್ರು. ಹೋಗ್ಲಿ ಬಿಡು. ನಿನ್ನ ನರ್ಸರೀಲಿ ಇದರ ತಾಯಿಗಿಡ ಇರುತ್ತಲ್ಲ, ಅದರಿಂದ ನಂಗೆರಡು ಗಿಡ ಕಟ್ಟಿಕೊಡು. ಬೋರ್‌ವೆಲ್ ಪಕ್ಕ ನೆಟ್ಕೋತೀನಿ."

ಆ ಕ್ಷಣ ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೂಂ ಎಂದು ಹೇಳಿ, ನನ್ನಿಂದ ಗಿಡ ಕೊಂಡವರ ಹಿತ್ತಿಲಿಂದ ಎರಡು ಕಡ್ಡಿ ತಂದು ಕಟ್ಟಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಹತ್ತು ದಿನದ ಮೌನವೇ ನನಗೆ ಸಾಕಾಗಿತ್ತು.

"ತಾಯಿಗಿಡ ಇಲ್ಲ" ಎಂದೆ.

"ಒಣಗೋಯ್ತಾ?"

"ನೆಟ್ಟೇ ಇಲ್ಲ."

ಅವಳ ಕೈ ಮೊರದ ಮೇಲೆ ನಿಂತಿತು. "ಇಪ್ಪತ್ತೇಳು ವರ್ಷದಿಂದ ಈ ಗಿಡ ಕಟ್ತಾ ಇದೀಯ. ಒಂದು ನೆಟ್ಕೊಂಡಿಲ್ವಾ? ಯಾಕೆ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ನೆಟ್ಟಿದ್ರೆ ಇಲ್ಲಿಗೆ ಬರೋ ಹಾಗೇ ಇರ್ತಿರಲಿಲ್ಲ ಸುನಂದ. ನಾನು ಕಡ್ಡಿಗೋಸ್ಕರ ಬಂದೋನಲ್ಲ. ಒಂದು ವರ್ಷಾನೂ ಅಲ್ಲ. ನಿನ್ನ ನೋಡೋಕೆ ಬರ್ತಿದ್ದೆ."

ಹೇಳಿಬಿಟ್ಟೆ. ಆಕಾಶವೇನೂ ಬೀಳಲಿಲ್ಲ. ಕೊಟ್ಟಿಗೆಯಲ್ಲಿ ಹಸು ಬಾಲ ಬೀಸಿದ್ದು ಕೇಳಿಸಿತು. ಸುನಂದ ನನ್ನನ್ನೇ ನೋಡಿದಳು. ಮೊದಲು ತುಟಿಯ ಕೊನೆಯಲ್ಲಿ ನಗು ಬಂತು, ಅದು ಅಲ್ಲೇ ಸೊಟ್ಟಗಾಯಿತು, ಆಮೇಲೆ ಕಣ್ಣು ತುಂಬಿತು. ಅವಳಿಗೆ ನಿಜವಾದ ಕೋಪ ಬಂದರೆ ಕನ್ನಡ ಹೋಗಿ ತೆಲುಗು ಬರುತ್ತದೆ.

"ಸಿಗ್ಗು ಲೇದಾ ನೀಕು?" ಎಂದಳು. "ನಾಚಿಕೆ ಆಗಲ್ವಾ? ನಾನು ಯಾರ ಮಗಳು? ಕಸಿ ಮನೇಲಿ ಹುಟ್ಟಿದೋಳು. ನರ್ಸರಿಯೋನು ಒಂದ್ಸಲ ಕಡ್ಡಿ ತಗೊಂಡೋದ್ರೆ ಮತ್ತೆ ಈ ಕಡೆ ತಲೆ ಹಾಕೋ ಅಗತ್ಯ ಇಲ್ಲ ಅಂತ ನಂಗೊತ್ತಿಲ್ವಾ? ಅಪ್ಪಂಗೂ ಗೊತ್ತಿತ್ತು. ಆ ಹುಡುಗ ಬುದ್ಧಿ ಇಲ್ದೆ ಪ್ರತಿ ವರ್ಷ ಬರ್ತಾನಲ್ಲ ಅಂತ ನನ್ನ ಮುಂದೇನೇ ಅಂದಿದ್ರು, ಅಂದು ನನ್ನ ಮುಖ ನೋಡಿದ್ರು."

"ಗೊತ್ತಿತ್ತಾ ನಿಂಗೆ?"

"ಗೊತ್ತಿರೋದು ಬೇರೆ. ಕಿವೀಲಿ ಕೇಳೋದು ಬೇರೆ. ಶ್ವೇತನ ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಮೊದಲೆರಡು ವರ್ಷ ನೀನು ಬಾಯಿ ಬಿಟ್ಟಿದ್ರೆ ನಾನೇ ಬೈದು ಕಳಿಸ್ತಿದ್ದೆ. ಆಮೇಲೆ? ಏಳು ವರ್ಷ, ವರ್ಷಕ್ಕೆರಡು ಸಲ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಫಿ ಲೋಟ ಹಿಡ್ಕೊಂಡು ಎದುರಿಗೆ ನಿಂತಿರ್ತಿದ್ದೆ. ನೀನು ಕಾಫಿ ಕುಡಿದು, ಕಡ್ಡಿ ಕಟ್ಕೊಂಡು, ಮಳೆ ಚೆನ್ನಾಗಾಯ್ತು ಅಂತ ಹೇಳಿ ಹೋಗ್ತಿದ್ದೆ. ಮಳೆ ಚೆನ್ನಾಗಾಯ್ತಂತೆ!" ಹಳದಿ ಕೈಯಲ್ಲೇ ಕಣ್ಣು ಒರೆಸಿಕೊಂಡಳು. "ಆ ರಾಗಿ ಕಾಳಿನಷ್ಟು ಹುಳ ನೋಡು, ಮೂರು ವರ್ಷದಲ್ಲಿ ಬಂದ ಕೆಲಸ ಮುಗಿಸ್ತು. ನಿಂಗೆ ಇಪ್ಪತ್ತೇಳು ಸಾಲದಾಯ್ತು."

ನನಗೆ ಒಂದು ಕಡೆ ಎದೆ ಒಡೆದುಹೋಗುವಷ್ಟು ಸಂತೋಷ, ಇನ್ನೊಂದು ಕಡೆ ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು. ಏಳು ವರ್ಷ. ಹದಿನಾಲ್ಕು ಲೋಟ ಕಾಫಿ.

"ಈಗ ಹೋಗು" ಎಂದಳು. "ಬುಧವಾರ ಮರ ಕಡಿಯೋರು ಬರ್ತಾರೆ. ನಾನು ಇರಲ್ಲ, ನೋಡೋಕಾಗಲ್ಲ ನಂಗೆ. ಕೋಲಾರಕ್ಕೆ ಶ್ವೇತನ ಹತ್ರ ಹೋಗ್ತೀನಿ. ನೀನು ತಂದ ಕೋಲು, ನೀನೇ ನಿಂತು ಸುಡಿಸು."

ಮುಂದೆ ಏನು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯವೆಲ್ಲ ಒಂದೇ ಮಾತಿಗೆ ಖರ್ಚಾಗಿತ್ತು.

ಬುಧವಾರ ಬೆಳಿಗ್ಗೆ ಏಳಕ್ಕೆ ಗರಗಸದ ಮಿಷನ್ ತಂದರು. ಮೊದಲು ಎರಡು ಬಾದಾಮಿ ಮರ, ಕೊನೆಗೆ ದೊ‌ಡ್ಡಿ ಮಾವು. ಬಿದ್ದ ಕಾಂಡದ ಅಡ್ಡಕೊಯ್ತದಲ್ಲಿ ಅರ್ಧಕ್ಕೂ ಹೆಚ್ಚು ಕಪ್ಪಿತ್ತು. ಇಷ್ಟನ್ನು ಒಳಗಿಟ್ಟುಕೊಂಡು ಈ ವರ್ಷವೂ ಅದು ಕಾಯಿ ಬಿಟ್ಟಿತ್ತು ಎಂಬುದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಜೆಸಿಬಿಯವನು ಬುಡ ಎಬ್ಬಿಸಿದ. ಉಳಿದ ಬೇರುಗಳನ್ನು ನಾನು ಗುದ್ದಲಿ ಹಿಡಿದು ಒಂದೊಂದಾಗಿ ಹುಡುಕಿ ತೆಗೆದೆ, ಹೆಬ್ಬೆರಳ ದಪ್ಪದ್ದನ್ನೂ ಬಿಡಲಿಲ್ಲ. ಕೂಲಿಯವರು ಸಾಕು ಬಿಡಣ್ಣ ಎಂದರು. ಸಾಕಾಗಿರಲಿಲ್ಲ. ಒಂಬತ್ತು ಕೋಲುಗಳನ್ನು ಎಲ್ಲಕ್ಕಿಂತ ಕೆಳಗೆ ಇಟ್ಟು ಬೆಂಕಿ ಕೊಟ್ಟೆ. ಮಧ್ಯಾಹ್ನ ಮಹೆಕ್ ಬಂದು ನೋಡಿ, ಗುಂಡಿಗೆ ಏನೇನೋ ಔಷಧಿ ಹೊಯ್ಯಿಸಿ ಹೋದಳು. ಹಸಿ ಮರ, ಹೊಗೆಯೇ ಹೆಚ್ಚು. ಸಂಜೆಯವರೆಗೂ ಉರಿಯಿತು.

ಆರು ಗಂಟೆಯ ಹೊತ್ತಿಗೆ ಎಲ್ಲರೂ ಹೋದರು. ನಾನು ಕೈಕಾಲು ತೊಳೆದು ಅವಳ ಮನೆಯ ಮೆಟ್ಟಿಲ ಮೇಲೆ ಕೂತೆ. ಮರವಿದ್ದ ಕಡೆ ಆಕಾಶ ಖಾಲಿಯಾಗಿ, ಅದರಾಚೆಯ ಗುಡ್ಡ ಕಾಣುತ್ತಿತ್ತು. ಅಲ್ಲೊಂದು ಗುಡ್ಡವಿದೆ ಎಂದು ಮೂವತ್ತು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ. ಇನ್ನು ಬೀಗ ಹಾಕಿದ ಈ ಮನೆಯ ಮುಂದೆ ನನಗೇನು ಕೆಲಸ ಎಂದು ಎದ್ದು ಬೈಕಿನ ಹತ್ತಿರ ಹೋದೆ. ಕೀಲಿ ಹಾಕಿದೆ. ಮತ್ತೆ ಬಂದು ಕೂತೆ. ಆಗ ಫೋನ್ ಬಂತು.

"ಆಯ್ತಾ?" ಸುನಂದಳ ದನಿ.

"ಆಯ್ತು."

"ಊಟ ಮಾಡಿದ್ಯಾ?"

"ಕೂಲಿಯೋರ ಜೊತೆ ಮುದ್ದೆ ತಿಂದೆ."

ಅವಳ ಹಿಂದೆ ಕೋಲಾರದ ಬಸ್ಸುಗಳ ಹಾರನ್ನು ಕೇಳಿಸುತ್ತಿತ್ತು.

"ಶ್ವೇತಂಗೆ ಹೇಳಿದೆ" ಎಂದಳು. ಏನು ಹೇಳಿದಳು ಎಂದು ಅವಳು ಬಿಡಿಸಲಿಲ್ಲ. "ಅವಳು ನಕ್ಕಳು. ಈಗ ಗೊತ್ತಾಯ್ತಾಮ್ಮ ನಿಂಗೆ ಅಂದ್ಲು. ನಾಳೆ ಮೊದಲ ಬಸ್ಸಿಗೆ ಬರ್ತೀನಿ. ಕೀಲಿ ಕಿಟಕಿ ಮೇಲೈತೆ. ನೀನು ಹೋಗ್ಬೇಡ, ಇರು."

"ಏನಾದ್ರೂ ಕೆಲಸ ಇತ್ತಾ?" ಎಂದುಬಿಟ್ಟೆ. ಅಭ್ಯಾಸಬಲ. ಹೇಳಿದ ಮೇಲೆ ನನ್ನ ಬಾಯನ್ನು ನಾನೇ ಹೊಡೆದುಕೊಳ್ಳಬೇಕೆನ್ನಿಸಿತು.

"ಕೆಲಸ ಏನೂ ಇಲ್ಲ. ಕೆಲಸ ಇಲ್ದೆ ನಮ್ಮನೇಲಿ ಇರೋಕಾಗುತ್ತಾ ನಿಂಗೆ?"

"ಆಗುತ್ತೆ."

"ನೋಡೋಣ" ಎಂದು ಫೋನ್ ಇಟ್ಟಳು.

ಮೊದಲ ಬಸ್ಸು ಬರುವುದು ಎಂಟೂವರೆಗೆ. ನಾನು ಆರೂವರೆಗೇ ರಸ್ತೆಗೆ ಹೋಗಿ ನಿಂತೆ. ಬಟ್ಟೆಯೆಲ್ಲ ಹೊಗೆಯ ವಾಸನೆ, ಬದಲಾಯಿಸಲು ಬೇರೆ ತಂದಿರಲಿಲ್ಲ. ಡೈರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬರುತ್ತಿದ್ದ ದೊಡ್ಡವೆಂಕಟಪ್ಪ ನನ್ನನ್ನು ನೋಡಿ ನಿಂತರು. ಆ ಊರಿನ ಸುದ್ದಿಯೆಲ್ಲ ಅವರ ಕ್ಯಾನಿನ ಜೊತೆಗೇ ಮನೆಮನೆಗೆ ಹೋಗುವುದು.

"ಏಮಯ್ಯಾ ಕದಿರೇಶ, ಇಷ್ಟೊತ್ತಿಗೇ? ಮರ ನೆನ್ನೆ ಸುಟ್ರಂತಲ್ಲ, ಪಾಪ. ಇನ್ನೇನು ಕೆಲಸ ನಿಂಗೆ ಇಲ್ಲಿ?"

"ಕೆಲಸ ಏನಿಲ್ಲಣ್ಣ. ಸುನಂದ ಬರ್ತಾಳೆ. ಅವಳನ್ನ ನೋಡೋಕೆ ನಿಂತಿದೀನಿ."

ದೊಡ್ಡವೆಂಕಟಪ್ಪ ಕ್ಯಾನು ಕೆಳಗಿಟ್ಟರು. ಹೆಗಲ ಮೇಲಿನ ಟವಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದರು.

"ಮೊದಲ ಬಸ್ಸು ಕೆಟ್ಟು ನಿಂತೈತಂತೆ" ಎಂದರು ಕೊನೆಗೆ. "ಇನ್ನು ಹತ್ತೂವರೇದೇ. ಲೇಟಾಗುತ್ತೆ."

"ಆಗ್ಲಿ ಬಿಡಣ್ಣ" ಎಂದೆ, "ನಿಂತಿರ್ತೀನಿ."